ಡಿಟಿಟಿನಾ, ಬೀಟಾ-ಎಂಇನಾ, ಟಿಸೆಪ್ಪಾ? ನಿಮ್ಮ ಪ್ರೋಟೀನ್‌ಗೆ ಯಾವುದು ಹಾಕ್ತೀರ

ಲ್ಯಾಬಲ್ಲಿ ಪ್ರೋಟೀನ್ ಕೆಲ್ಸ ಶುರು ಮಾಡಿದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ತಾರೆ: ಪ್ರೋಟೀನ್ ಆಕ್ಸಿಡೈಸ್ ಆಗದ ಹಾಗೆ ಕಾಯೋಕೆ ಈ ಮೂರು ರೆಡ್ಯೂಸಿಂಗ್ ಏಜೆಂಟ್‌ಗಳಲ್ಲಿ ಯಾವ್ದು ಹಾಕೋದು? ಪ್ರೋಟೋಕಾಲ್‌ನಲ್ಲಿ 1 ಮಿಲಿಮೋಲಾರ್ ಡಿಟಿಟಿ ಅಂತ ಬರ್ದಿರತ್ತೆ, ಫ್ರಿಜ್ ತೆಗೆದು ನೋಡಿದ್ರೆ ಬೀಟಾ-ಮರ್ಕ್ಯಾಪ್ಟೋಇಥನಾಲ್ (ಬೀಟಾ-ಎಂಇ) ಬಾಟ್ಲಿ ಮಾತ್ರ ಇರತ್ತೆ, ಪಕ್ಕದ ಬೆಂಚಿನವರು "ಅದೆಲ್ಲ ಹಳೇ ಕಾಲದ್ದು, ಟಿಸೆಪ್ ಹಾಕಿ" ಅಂತಾರೆ, ಸೀನಿಯರ್ ಒಬ್ರು "ಯಾವ್ದಾದ್ರೂ ಹಾಕಪ್ಪ, ಎಲ್ಲ ಒಂದೇ" ಅಂತಾರೆ. ಎಲ್ಲ ಒಂದೇ ಅಲ್ಲ. ಆದ್ರೆ ಯಾವ್ದು ಒಳ್ಳೇದು ಅಂತ ಕೇಳೋದೂ ತಪ್ಪು ಪ್ರಶ್ನೆನೇ, ಯಾಕಂದ್ರೆ ಉತ್ತರ ನಿಮ್ಮ ಪ್ರೋಟೀನ್‌ಗಿಂತ ಜಾಸ್ತಿ ನೀವು ಅದಾದ್ಮೇಲೆ ಏನ್ ಮಾಡ್ತೀರ ಅನ್ನೋದ್ರ ಮೇಲೆ ನಿಂತಿರತ್ತೆ. ನಾನು ಇದನ್ನ ಕಲಿತಿದ್ದು ಪ್ರೋಟೀನ್ ಶುದ್ಧ ಮಾಡೋ ಒಂದು ನಿಕಲ್ ಕಾಲಮ್ ಹಾಳು ಮಾಡಿ. ಆ ಕಥೆ ಮುಂದೆ ಬರತ್ತೆ.

ಮೊದ್ಲು ಈ ಮೂರೂ ಮಾಡೋ ಕೆಲ್ಸ ಏನು ಅಂತ ಎರಡು ಮಾತು. ಪ್ರೋಟೀನ್‌ನಲ್ಲಿರೋ ಸಿಸ್ಟೀನ್ ಅನ್ನೋ ಅಮೈನೋ ಆಮ್ಲಗಳ ಗಂಧಕಗಳು ಗಾಳಿಯ ಆಕ್ಸಿಜನ್ ಸಿಕ್ಕಿದ್ರೆ ಒಂದಕ್ಕೊಂದು ಕೈ ಹಿಡ್ಕೊಂಡು ಡೈಸಲ್ಫೈಡ್ ಬಂಧ ಆಗ್ತವೆ. ಒಂದು ಪ್ರೋಟೀನ್ ಅಣುವಿನ ಸಿಸ್ಟೀನ್ ಇನ್ನೊಂದರ ಕೈ ಹಿಡಿದ್ರೆ ಗುಂಪು ಕಟ್ಟಿ ತಳಕ್ಕೆ ಕೂತ್ಕೊಳತ್ತೆ, ಎಂಜೈಮಿನ ಕೆಲಸದ ಜಾಗದಲ್ಲಿರೋ ಸಿಸ್ಟೀನ್ ಆಕ್ಸಿಡೈಸ್ ಆದ್ರೆ ಎಂಜೈಮ್ ಸುಮ್ನಾಗತ್ತೆ. ರೆಡ್ಯೂಸಿಂಗ್ ಏಜೆಂಟ್ ಅಂದ್ರೆ ಆ ಕೈ ಬಿಡಿಸೋ ವಸ್ತು, ಇಲ್ಲಾಂದ್ರೆ ಕೈ ಹಿಡಿಯೋಕ್ಕೇ ಬಿಡದ ವಸ್ತು. ಬಿಡಿಸೋದು ಬೇರೆ, ಹಿಡಿಯದ ಹಾಗೆ ಕಾಯೋದು ಬೇರೆ, ಇವೆರಡಕ್ಕೂ ಬೇಕಾದ ಪ್ರಮಾಣ ನೂರು ಪಟ್ಟು ವ್ಯತ್ಯಾಸ ಇರಬಹುದು, ಇದನ್ನ ಮರೀಬೇಡಿ.

ಆರಿಸೋಕೆ ಮುಂಚೆ ನಿಮಗೆ ನೀವೇ ಕೇಳ್ಕೊಬೇಕಾದ್ದು ಇಷ್ಟು. ಬಫರ್ ಪಿಎಚ್ ಎಷ್ಟು? ಎಷ್ಟು ಹೊತ್ತು ಕಾಯ್ಬೇಕು, ಅರ್ಧ ಗಂಟೆನಾ ಮೂರು ವಾರಾನಾ? ದಾರಿಯಲ್ಲಿ ಲೋಹ ಸಿಗತ್ತಾ, ಅಂದ್ರೆ ನಿಕಲ್ ಕಾಲಮ್ಮು, ಜಿಂಕ್ ಇರೋ ಪ್ರೋಟೀನು, ಪ್ರೋಟೀನ್ ಎಷ್ಟಿದೆ ಅಂತ ತಾಮ್ರದಿಂದ ಅಳೆಯೋ ಬಿಸಿಎ ಅಸ್ಸೇ? ಮುಂದಿನ ಸ್ಟೆಪ್‌ನಲ್ಲಿ ಥಯಾಲ್ (ಗಂಧಕಕ್ಕೆ ಹೈಡ್ರೋಜನ್ ಅಂಟಿರೋ ಗುಂಪು, ಸಿಸ್ಟೀನ್‌ನಲ್ಲಿರೋದೂ ಇದೇ) ಜೊತೆ ರಿಯಾಕ್ಟ್ ಆಗೋ ಯಾವ್ದಾದ್ರೂ ಡೈ ಅಥವಾ ಸಿಸ್ಟೀನ್‌ನ ಮುಚ್ಚಿಬಿಡೋ ಅಯೋಡೋಅಸಿಟಮೈಡ್ ಹಾಕ್ತೀರಾ? ಆಮೇಲೆ ಮೂಗು, ಚರ್ಮ, ದುಡ್ಡು. ಇನ್ನೊಂದು, ಎಲ್ಲಕ್ಕಿಂತ ಮೊದ್ಲು ಕೇಳ್ಬೇಕಾದ್ದು: ನಿಮ್ಮ ಪ್ರೋಟೀನ್‌ಗೆ ರೆಡ್ಯೂಸಿಂಗ್ ಏಜೆಂಟ್ ಬೇಕಾ? ಆಂಟಿಬಾಡಿ, ಇನ್ಸುಲಿನ್, ಲೈಸೋಜೈಮ್ ಥರ ಜೀವಕೋಶದ ಹೊರಗೆ ಬರೋ ಪ್ರೋಟೀನ್‌ಗಳು ಡೈಸಲ್ಫೈಡ್ ಮೇಲೆನೇ ಆಕಾರ ಹಿಡ್ಕೊಂಡಿರ್ತವೆ, ಅವಕ್ಕೆ "ಸೇಫ್ಟಿಗೆ ಇರ್ಲಿ" ಅಂತ ಡಿಟಿಟಿ ಸುರಿದ್ರೆ ನೀವೇ ಅದ್ರ ಸೊಂಟ ಮುರಿದ ಹಾಗೆ.

ಡಿಟಿಟಿ

ಡೈಥಯೋಥ್ರೈಟಾಲ್. 1964ರಲ್ಲಿ ಡಬ್ಲ್ಯೂ. ಡಬ್ಲ್ಯೂ. ಕ್ಲೀಲ್ಯಾಂಡ್ ಅನ್ನೋ ಜೀವರಸಾಯನ ವಿಜ್ಞಾನಿ ಇದನ್ನ ಥಯಾಲ್‌ಗಳನ್ನ ಕಾಯೋಕೆ ಹೊಸ ರೀಏಜೆಂಟ್ ಅಂತ ಪ್ರಕಟ ಮಾಡಿದ್ರು, ಅದಕ್ಕೇ ಇವತ್ತಿಗೂ ಕೆಲವು ಬಾಟ್ಲಿ ಮೇಲೆ ಕ್ಲೀಲ್ಯಾಂಡ್ಸ್ ರೀಏಜೆಂಟ್ ಅಂತ ಇರತ್ತೆ. ಬಿಳೀ ಪುಡಿ, ಅಣುತೂಕ 154.25, 42 ಡಿಗ್ರಿ ಆಸುಪಾಸಿಗೆ ಕರಗಿ ಹೋಗತ್ತೆ, ಹಾಗಾಗಿ ಬಿಸಿ ಜಾಗದಲ್ಲಿಟ್ಟ ಬಾಟ್ಲಿಯೊಳಗೆ ಪುಡಿ ಅಂಟಿಕೊಂಡು ಗಟ್ಟಿಯಾಗಿದ್ರೆ ಆಶ್ಚರ್ಯ ಪಡ್ಬೇಡಿ.

ಇದ್ರ ಜಾಣತನ ಇರೋದು ಎರಡು ಥಯಾಲ್ ಒಂದೇ ಅಣುವಿನ ಎರಡು ತುದಿಗಿರೋದ್ರಲ್ಲಿ. ಒಂದು ತುದಿ ಹೋಗಿ ಪ್ರೋಟೀನಿನ ಡೈಸಲ್ಫೈಡ್‌ನ ಹಿಡಿಯತ್ತೆ, ಆಗ ಪ್ರೋಟೀನು ಡಿಟಿಟಿ ಎರಡೂ ಸೇರಿ ಒಂದು ಮಿಶ್ರ ಡೈಸಲ್ಫೈಡ್ ಆಗತ್ತೆ, ಅಷ್ಟರಲ್ಲಿ ಪಕ್ಕದಲ್ಲೇ ಕಾಯ್ತಾ ಇರೋ ಇನ್ನೊಂದು ತುದಿ ತಿರುಗಿ ಬಂದು ತನ್ನದೇ ಗಂಧಕವನ್ನ ಹಿಡ್ಕೊಂಡು ಆರು ಪರಮಾಣುವಿನ ಉಂಗುರ ಆಗಿಬಿಡತ್ತೆ. ಪ್ರೋಟೀನ್ ಬಿಡುಗಡೆ. ಉಂಗುರ ಸ್ಥಿರವಾಗಿರೋದ್ರಿಂದ ವಾಪಸ್ ಬರೋ ಮನಸ್ಸು ಮಾಡಲ್ಲ. ಪಿಎಚ್ 7ರಲ್ಲಿ ಇದ್ರ ರೆಡಾಕ್ಸ್ ಪೊಟೆನ್ಷಿಯಲ್ ಸುಮಾರು ಮೈನಸ್ 0.33 ವೋಲ್ಟ್, ಬೀಟಾ-ಎಂಇದು ಮೈನಸ್ 0.26 ಹತ್ರ, ಮೈನಸ್ ಜಾಸ್ತಿ ಆದಷ್ಟೂ ರೆಡ್ಯೂಸ್ ಮಾಡೋ ಶಕ್ತಿ ಜಾಸ್ತಿ. ಅದಕ್ಕೇ ಡಿಟಿಟಿ ಕಮ್ಮಿ ಹಾಕಿದ್ರೂ ಕೆಲಸ ಪೂರ್ತಿ ಆಗತ್ತೆ.

ಈಗ ಕಷ್ಟದ ವಿಷಯ. ಡೈಸಲ್ಫೈಡ್ ಮೇಲೆ ಬೀಳೋದು ಥಯಾಲ್ ಅಲ್ಲ, ಪ್ರೋಟಾನ್ ಕಳ್ಕೊಂಡ ಥಯೋಲೇಟ್. ಡಿಟಿಟಿಯ ಮೊದಲ ಪಿಕೆಎ (ಅರ್ಧದಷ್ಟು ಥಯಾಲ್ ಪ್ರೋಟಾನ್ ಕಳ್ಕೊಳ್ಳೋ ಪಿಎಚ್) 9.2, ಅಂದ್ರೆ ಪಿಎಚ್ 7ಕ್ಕಿಂತ ಕೆಳಗೆ ಹೋದ್ರೆ ಥಯೋಲೇಟ್ ಇರೋದೇ ಇಲ್ಲ ಅನ್ನೋಷ್ಟು ಕಮ್ಮಿ, ಡಿಟಿಟಿ ಸೋಮಾರಿ ಆಗತ್ತೆ. ಸರಿ ಪಿಎಚ್ ಏರಿಸೋಣ ಅಂದ್ರೆ ಅದೇ ಥಯೋಲೇಟ್ ಗಾಳಿಯ ಆಕ್ಸಿಜನ್ ಜೊತೆಗೂ ಅಷ್ಟೇ ಚುರುಕಾಗಿ ರಿಯಾಕ್ಟ್ ಆಗತ್ತೆ. 20 ಡಿಗ್ರಿಯಲ್ಲಿ ಡಿಟಿಟಿಯ ಅರ್ಧಾಯುಷ್ಯ ಪಿಎಚ್ 6.5ಕ್ಕೆ ಸುಮಾರು 40 ಗಂಟೆ, 7.5ಕ್ಕೆ 10 ಗಂಟೆ, 8.5ಕ್ಕೆ ಬರೀ ಒಂದೂವರೆ ಗಂಟೆ ಹತ್ರ. ಅಂದ್ರೆ ಎಲ್ಲಿ ಕೆಲ್ಸ ಮಾಡತ್ತೋ ಅಲ್ಲೇ ಸಾಯತ್ತೆ. ಸಂಜೆ 6 ಗಂಟೆಗೆ ಪಿಎಚ್ 8.5ರ ಬಫರ್‌ಗೆ 1 ಮಿಲಿಮೋಲಾರ್ ಹಾಕಿ ಬೆಂಚ್ ಮೇಲೆ ಬಿಟ್ಟು ಮನೆಗೆ ಹೋದ್ರೆ ಬೆಳಿಗ್ಗೆ ಲೇಬಲ್ ಮೇಲೆ ಡಿಟಿಟಿ ಇರತ್ತೆ, ಬಾಟ್ಲಿಯೊಳಗೆ ಇರಲ್ಲ. ಐಸ್ ಮೇಲಿಟ್ರೆ ಅದೇ 8.5ರಲ್ಲಿ ಅರ್ಧಾಯುಷ್ಯ 11 ಗಂಟೆ ತನಕ ಎಳೀಬಹುದು. ಇಲ್ಲೊಂದು ಸಣ್ಣ ಮೋಸ ಇದೆ ನೋಡಿ, ಟ್ರಿಸ್ ಬಫರ್‌ನ 25 ಡಿಗ್ರಿಯಲ್ಲಿ 8.0ಗೆ ಸೆಟ್ ಮಾಡಿ ಕೋಲ್ಡ್ ರೂಮ್‌ಗೆ ತಗೊಂಡು ಹೋದ್ರೆ ಅದು 8.6 ಆಸುಪಾಸಿಗೆ ಏರತ್ತೆ, ಹಾಗಾಗಿ ತಣ್ಣಗಿಟ್ಟು ಗಳಿಸಿದ್ದರಲ್ಲಿ ಸ್ವಲ್ಪ ಪಿಎಚ್ ತಿಂದುಹಾಕತ್ತೆ.

ತಾಮ್ರ, ಕಬ್ಬಿಣದ ಅಯಾನುಗಳು ಚೂರು ಇದ್ರೂ ಈ ಸಾವು ಇನ್ನೂ ಬೇಗ ಬರತ್ತೆ. 1 ಮಿಲಿಮೋಲಾರ್ ಇಡಿಟಿಎ ಹಾಕಿದ್ರೆ ಆ ಅಯಾನುಗಳನ್ನ ಕಟ್ಟಿಹಾಕಿ ಆಯುಷ್ಯ ಎರಡು ಮೂರು ಪಟ್ಟು ಹೆಚ್ಚಾಗತ್ತೆ, ಒಳ್ಳೇ ಉಪಾಯ. ಆದ್ರೆ ನಿಕಲ್ ಕಾಲಮ್ ಇದ್ರೆ ಇಡಿಟಿಎ ನಿಕಲ್‌ನೇ ಕಿತ್ಕೊಂಡು ಹೋಗತ್ತೆ, ಅಲ್ಲಿ ಈ ಉಪಾಯ ನಡೆಯಲ್ಲ.

ಹೇಳ್ತೀನಿ ಅಂದಿದ್ನಲ್ಲ ಕಾಲಮ್ ಕಥೆ, ಇಲ್ಲಿದೆ. ನನ್ನ ಪ್ರೋಟೀನ್‌ನಲ್ಲಿ ಹೊರಗೆ ಕಾಣೋ ಸಿಸ್ಟೀನ್ ಜಾಸ್ತಿ ಇತ್ತು, ಭಯಕ್ಕೆ ಕೋಶ ಒಡೆಯೋ ಲೈಸಿಸ್ ಬಫರ್‌ಗೇ 10 ಮಿಲಿಮೋಲಾರ್ ಡಿಟಿಟಿ ಹಾಕಿದ್ದೆ. ಸ್ಯಾಂಪಲ್ ಇಳೀತಾ ಇಳೀತಾ ತಿಳಿನೀಲಿ ರೆಸಿನ್ ಮೇಲಿಂದ ಕಂದು ಬಣ್ಣದ ಒಂದು ಪಟ್ಟಿ ಶುರುವಾಯ್ತು, ಮೊದ್ಲು ಉಗುರಿನಷ್ಟು ದಪ್ಪ, ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ, ಆಮೇಲೆ ಅರ್ಧ ಕಾಲಮ್. ನಿಕಲ್ ರೆಡ್ಯೂಸ್ ಆಗಿ ಹೋಗಿತ್ತು, ಪ್ರೋಟೀನ್ ಪೂರ್ತಿ ಫ್ಲೋ-ಥ್ರೂನಲ್ಲಿ, ಅಂದ್ರೆ ಕಾಲಮ್‌ಗೆ ಅಂಟದೆ ಹರಿದು ಹೋದ ದ್ರವದಲ್ಲಿ. ಈಗಿನ ಕೆಲವು ರೆಸಿನ್‌ಗಳು ಡಿಟಿಟಿ ತಡ್ಕೊಳ್ತವೆ ನಿಜ, ಆದ್ರೆ ನಿಮ್ಮ ರೆಸಿನ್‌ನ ಕೈಪಿಡಿ ನೋಡದೆ 1 ಮಿಲಿಮೋಲಾರ್ ದಾಟ್ಬೇಡಿ.

ಇನ್ನೊಂದು ತೊಂದ್ರೆ ಬಹಳ ಜನಕ್ಕೆ ಗೊತ್ತಾಗೋದೇ ಇಲ್ಲ. ಆಕ್ಸಿಡೈಸ್ ಆದ ಡಿಟಿಟಿ ಉಂಗುರ, ಪ್ರೋಟೀನ್ ಅಳೆಯೋಕೆ ಬಳಸೋ 280 ನ್ಯಾನೋಮೀಟರ್ ಬೆಳಕನ್ನೇ ಹೀರತ್ತೆ, 1 ಮಿಲಿಮೋಲಾರ್ ಪೂರ್ತಿ ಆಕ್ಸಿಡೈಸ್ ಆದ್ರೆ 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ಸುಮಾರು 0.27. ನೀವು ಬ್ಲ್ಯಾಂಕ್‌ಗೆ (ಸೊನ್ನೆ ಸೆಟ್ ಮಾಡೋಕೆ ಇಡೋ, ಪ್ರೋಟೀನ್ ಇಲ್ಲದ ಬಫರ್) ಆಗ ತಾನೇ ಮಾಡಿದ ಬಫರ್ ಇಟ್ಟು, ಎರಡು ದಿನ ಫ್ರಿಜ್ಜಲ್ಲಿದ್ದ ಸ್ಯಾಂಪಲ್ ಅಳತೆ ಮಾಡಿದ್ರೆ ಇಲ್ಲದ ಪ್ರೋಟೀನ್ ಕಾಣ್ಸತ್ತೆ. ಮಿಲಿಲೀಟರಿಗೆ 1 ಮಿಲಿಗ್ರಾಂ ಅಂದ್ರೆ 1.0 ಓದೋ ಪ್ರೋಟೀನ್ ಆಗಿದ್ರೆ ಹತ್ತಿರ ಹತ್ತಿರ ಕಾಲು ಮಿಲಿಗ್ರಾಂ ಸುಳ್ಳು ಲೆಕ್ಕ. ಬ್ಲ್ಯಾಂಕ್ ಕೂಡ ಸ್ಯಾಂಪಲ್ ಜೊತೆಗೇ ಅಷ್ಟೇ ಹೊತ್ತು ಇಟ್ಟ ಬಫರ್ ಆಗಿರ್ಬೇಕು, ಡಯಾಲಿಸಿಸ್ ಮಾಡಿದ್ರೆ ಹೊರಗಿನ ಬಫರ್‌ನೇ ಉಳಿಸ್ಕೊಳ್ಳಿ. ಬಿಸಿಎ ಅಂತೂ ಬೇಡವೇ ಬೇಡ, ಅಲ್ಲಿ ತಾಮ್ರವನ್ನ ರೆಡ್ಯೂಸ್ ಮಾಡೋದೇ ಅಳತೆ, ಈ ಮೂರರಲ್ಲಿ ಯಾವ್ದಿದ್ರೂ ನೇರಳೆ ಬಣ್ಣ ಪುಕ್ಕಟೆ ಬರತ್ತೆ. ಬ್ರಾಡ್‌ಫರ್ಡ್ ಅನ್ನೋ ಇನ್ನೊಂದು ಪ್ರೋಟೀನ್ ಅಳತೆ ಇದನ್ನೆಲ್ಲ ಸಹಿಸ್ಕೊಳತ್ತೆ.

ಬೀಟಾ-ಎಂಇ

ಇದ್ರ ಬಗ್ಗೆ ಮೊದ್ಲು ಗೊತ್ತಾಗೋದು ಮೂಗಿಗೆ. ಬಾಗಿಲು ತೆಗೀತಿದ್ದ ಹಾಗೆ ಯಾರೋ ಬಾಟ್ಲಿ ಮುಚ್ಚಳ ಸರಿಯಾಗಿ ಹಾಕಿಲ್ಲ ಅಂತ ಇಡೀ ಮಹಡಿಗೆ ತಿಳಿಯತ್ತೆ. ವಾಸನೆ ಮಾತ್ರ ಆಗಿದ್ರೆ ನೆಗಡಿ ಆಯ್ತು ಅಂತ ಮೂಗು ಕೊಯ್ದುಕೊಂಡ ಹಾಗೆ ಇದನ್ನ ಬಿಟ್ಟುಬಿಡೋದು ಬೇಡ ಅಂತಿದ್ದೆ, ಆದ್ರೆ ಇದು ನಿಜವಾಗ್ಲೂ ವಿಷ, ಚರ್ಮದ ಮೂಲಕ ಒಳಗೆ ಹೋದ್ರೂ ಪ್ರಾಣಾಪಾಯ ಅನ್ನೋ ವರ್ಗದ್ದು. ಫ್ಯೂಮ್ ಹುಡ್ ಒಳಗೇ ತೆಗೀಬೇಕು, ಗ್ಲೌಸ್ ಮೇಲೆ ಬಿದ್ರೆ ಆಗ್ಲೇ ಬದಲಾಯಿಸ್ಬೇಕು, ಟಿಪ್‌ಗಳನ್ನ ಹೊರಗಿನ ಕಸದ ಡಬ್ಬಿಗೆ ಎಸೀಬಾರದು.

ಹಾಗಾದ್ರೆ ಯಾಕೆ ಇನ್ನೂ ಎಲ್ಲ ಲ್ಯಾಬಲ್ಲೂ ಇದೆ? ಅಗ್ಗ, ದ್ರವ, ತೂಕ ಮಾಡೋ ಗೋಜಿಲ್ಲ. ಶುದ್ಧ ಬಾಟ್ಲಿಯಲ್ಲಿರೋದು 14.3 ಮೋಲಾರ್, ಒಂದು ಲೀಟರ್ ಬಫರ್‌ನ 5 ಮಿಲಿಮೋಲಾರ್ ಮಾಡೋಕೆ 350 ಮೈಕ್ರೋಲೀಟರ್ ಸಾಕು. ನಿಕಲ್ ಕಾಲಮ್ 5–10 ಮಿಲಿಮೋಲಾರ್ ಬೀಟಾ-ಎಂಇ ಇದ್ರೆ ಸಾಮಾನ್ಯವಾಗಿ ತಲೆ ಕೆಡಿಸ್ಕೊಳಲ್ಲ, ನಾನು ಆ ಕಂದು ಕಾಲಮ್ ಆದ್ಮೇಲೆ ಇದಕ್ಕೇ ಬಂದೆ. ಆಯುಷ್ಯದ ಲೆಕ್ಕದಲ್ಲೂ ಡಿಟಿಟಿಗಿಂತ ಸ್ವಲ್ಪ ಮೇಲೇ, ಪಿಎಚ್ 8.5ರಲ್ಲಿ 20 ಡಿಗ್ರಿಗೆ ಸುಮಾರು 4 ಗಂಟೆ, 6.5ರಲ್ಲಿ ನೂರು ಗಂಟೆ ದಾಟತ್ತೆ, ಇಡಿಟಿಎ ಜೊತೆ ಕೊಟ್ರೆ 8.5ರಲ್ಲೂ ಬಹಳ ದಿನ ಎಳೆಯತ್ತೆ.

ಶಕ್ತಿ ಮಾತ್ರ ಕಮ್ಮಿ. ಒಂದೇ ಥಯಾಲ್ ಇರೋದ್ರಿಂದ ಉಂಗುರ ಕಟ್ಟೋಕಾಗಲ್ಲ, ಒಂದು ಅಣು ಪ್ರೋಟೀನ್‌ನ ಹಿಡಿದು ಮಿಶ್ರ ಡೈಸಲ್ಫೈಡ್ ಆದ್ಮೇಲೆ ಬಿಡಿಸೋಕೆ ಹೊರಗಿಂದ ಇನ್ನೊಂದು ಅಣು ಬರ್ಬೇಕು, ಬರ್ದಿದ್ರೆ ಅಲ್ಲೇ ಅಂಟ್ಕೊಂಡಿರತ್ತೆ. ಅಣುವಿನ ತೂಕ ಅಳೆಯೋ ಮಾಸ್ ಸ್ಪೆಕ್‌ನಲ್ಲಿ ನಿಮ್ಮ ಪ್ರೋಟೀನ್ 76 ಡಾಲ್ಟನ್ ಜಾಸ್ತಿ ತೂಗ್ತಿದ್ರೆ ಬೀಟಾ-ಎಂಇ ಅಂಟ್ಕೊಂಡಿದೆಯಾ ಅಂತ ಮೊದ್ಲು ನೋಡಿ. ಈ ಕೊರತೆನ ಸಂಖ್ಯೆಯಿಂದ ತುಂಬಿಸ್ತಾರೆ: ಜೆಲ್ ಸ್ಯಾಂಪಲ್ ಬಫರ್‌ನಲ್ಲಿ 5 ಪರ್ಸೆಂಟ್ ಅಂದ್ರೆ ಹತ್ರ ಹತ್ರ 700 ಮಿಲಿಮೋಲಾರ್, ಅದೇ ಕೆಲಸಕ್ಕೆ ಡಿಟಿಟಿ 50ರಿಂದ 100 ಸಾಕು. ಹಾಗಂತ ದುರ್ಬಲ ಅಂತ ಕಡೆಗಣಿಸ್ಬೇಡಿ, ಅನ್‌ಫಿನ್ಸನ್ ಅನ್ನೋ ವಿಜ್ಞಾನಿ ರೈಬೋನ್ಯೂಕ್ಲಿಯೇಸ್ ಅನ್ನೋ ಎಂಜೈಮ್‌ನ ಮಡಿಕೆ ಬಿಚ್ಚಿ ಮತ್ತೆ ಮಡಿಸಿದ ಪ್ರಯೋಗದಲ್ಲಿ ಯೂರಿಯಾ ಜೊತೆ ಇದ್ದಿದ್ದು ಇದೇ, ಆ ದಾರಿಯ ಕೆಲಸಕ್ಕೆ 1972ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಆರ್‌ಎನ್‌ಎ ತೆಗೆಯೋರಿಗೆ ಬೀಟಾ-ಎಂಇ ಹಳೇ ಸ್ನೇಹಿತ, ಗ್ವಾನಿಡೀನ್ ಥಯೋಸಯನೇಟ್ ಇರೋ ಲೈಸಿಸ್ ಬಫರ್‌ನಲ್ಲಿ ಮಿಲಿಲೀಟರಿಗೆ 10 ಮೈಕ್ರೋಲೀಟರ್ ಹಾಕಿ ಆರ್‌ಎನೇಸ್‌ನ (ಆರ್‌ಎನ್‌ಎ ಕತ್ತರಿಸೋ ಎಂಜೈಮ್) ಡೈಸಲ್ಫೈಡ್ ಮುರೀತಾರೆ. ಆ ವೇಸ್ಟ್‌ಗೆ ಬ್ಲೀಚ್ ಹಾಕ್ಬೇಡಿ, ವಿಷಾನಿಲ ಬರತ್ತೆ. ಗಿಡದ ಎಲೆಯಿಂದ ಡಿಎನ್‌ಎ ತೆಗೆಯೋ ಸಿಟಿಎಬಿ ಬಫರ್‌ಗೂ ಇದನ್ನ ಹಾಕ್ತಾರೆ, ಪಾಲಿಫೀನಾಲ್ ಆಕ್ಸಿಡೈಸ್ ಆಗಿ ಪೆಲೆಟ್ ಕಂದಾಗೋದು ತಪ್ಪತ್ತೆ.

ಟಿಸೆಪ್

ಇದು ಈ ಮನೆಯವನೇ ಅಲ್ಲ, ಇದ್ರಲ್ಲಿ ಗಂಧಕಾನೇ ಇಲ್ಲ. ರಂಜಕದ ಅಣು, ಥಯಾಲ್ ಅಲ್ಲ. ಹಾಗಾಗಿ ಥಯೋಲೇಟ್ ಆಗೋವರೆಗೂ ಕಾಯ್ಬೇಕಿಲ್ಲ, ಆಮ್ಲೀಯ ಬಫರ್‌ನಲ್ಲೂ ಕೆಲ್ಸ ಮಾಡತ್ತೆ, ಪಿಎಚ್ 1.5ರಿಂದ 8.5ರ ತನಕ. ಡೈಸಲ್ಫೈಡ್ ಮುರಿದಾಗ ತಾನು ಫಾಸ್ಫೀನ್ ಆಕ್ಸೈಡ್ ಆಗಿಬಿಡತ್ತೆ, ಅಲ್ಲಿಂದ ವಾಪಸ್ ದಾರಿ ಇಲ್ಲ. ವಾಸನೆ ಇಲ್ಲ. 280ರಲ್ಲಿ ಅಡ್ಡ ಬರಲ್ಲ. ಗಾಳಿಯಲ್ಲಿ ಡಿಟಿಟಿಗಿಂತ ಎಷ್ಟೋ ಹೆಚ್ಚು ದಿನ ಬಾಳತ್ತೆ. ಕೇಳಿದ್ರೆ ಇನ್ನೇನು ಬೇಕು ಅನ್ಸತ್ತಲ್ವಾ?

ಎರಡು ಕೊಕ್ಕೆ ಇದೆ. ಒಂದು, ಹೈಡ್ರೋಕ್ಲೋರೈಡ್ ಪುಡಿನ ನೀರಲ್ಲಿ ಕರಗಿಸಿದ್ರೆ ಸ್ಟಾಕ್ ಪಿಎಚ್ 2.5 ಹತ್ರ ಇರತ್ತೆ, ಅದನ್ನ ಹಾಗೇ ದುರ್ಬಲ ಬಫರ್‌ಗೆ ಹಾಕಿದ್ರೆ ಪ್ರೋಟೀನ್ ಮೊಸರಾಗತ್ತೆ, ನೀವು ಟಿಸೆಪ್‌ನ ಬೈಕೊಂಡು ಕೂರ್ತೀರ. ಸ್ಟಾಕ್‌ನ ಮೊದ್ಲೇ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 7ಕ್ಕೆ ತನ್ನಿ. ಎರಡು, ಫಾಸ್ಫೇಟ್ ಬಫರ್ ಜೊತೆ ಇದಕ್ಕೆ ಆಗಿಬರಲ್ಲ, ಅದ್ರಲ್ಲೂ ಪಿಎಚ್ 7 ಆಸುಪಾಸಿನಲ್ಲಿ, ಫಾಸ್ಫೇಟ್ ಜಾಸ್ತಿ ಇದ್ರೆ 3 ದಿನದಲ್ಲಿ ಪೂರ್ತಿ ಆಕ್ಸಿಡೈಸ್ ಆಗಿರತ್ತೆ. ಪಿಬಿಎಸ್‌ನಲ್ಲಿ (ಅದೂ ಫಾಸ್ಫೇಟ್ ಬಫರೇ) ವಾರಗಟ್ಲೆ ಇಡೋ ಪ್ಲ್ಯಾನ್ ಇದ್ರೆ ಹೆಪೆಸ್ ಅಥವಾ ಟ್ರಿಸ್‌ಗೆ ಬದಲಾಯಿಸ್ಕೊಳ್ಳಿ.

ಆಮೇಲೆ ದುಡ್ಡು. ಗ್ರಾಂ ಲೆಕ್ಕದಲ್ಲಿ ಮೂರರಲ್ಲಿ ಇದೇ ದುಬಾರಿ, ಅದ್ರ ಮೇಲೆ ಅಣುತೂಕ 286.65, ಅಂದ್ರೆ ಡಿಟಿಟಿ 154 ಮಿಲಿಗ್ರಾಂ ಹಾಕೋ ಕಡೆ ಟಿಸೆಪ್ 287 ತೂಗ್ಬೇಕು. ಎರಡು ಲೀಟರ್ ಡಯಾಲಿಸಿಸ್ ಬಫರ್‌ಗೆ ಇದನ್ನ ಹಾಕೋದು ನನ್ನ ಕೈಯಲ್ಲಂತೂ ಆಗಲ್ಲ. ಆದ್ರೆ ಕೊನೇ ಕಾಲಮ್‌ನ ಬಫರ್‌ಗೆ ಅರ್ಧ ಮಿಲಿಮೋಲಾರ್ ಹಾಕಿ, ಹಿಂದಿನ ಸ್ಟೆಪ್‌ಗಳಿಗೆಲ್ಲ ಬೀಟಾ-ಎಂಇ ಇಟ್ಕೊಂಡ್ರೆ ಖರ್ಚು ಹಿಡಿತದಲ್ಲಿರತ್ತೆ, ನಾನು ಮಾಡೋದು ಹಾಗೇ.

ಮಿಕ್ಕವು ಬೇಗ ಹೇಳಿ ಮುಗಿಸ್ತೀನಿ. ಡಿಟಿಇ ಅಂದ್ರೆ ಡಿಟಿಟಿಯ ಅವಳಿ, ಹೈಡ್ರಾಕ್ಸಿಲ್ ದಿಕ್ಕು ಬೇರೆ ಅಷ್ಟೇ, ಉಂಗುರ ಕಟ್ಟೋದು ಸ್ವಲ್ಪ ಇರುಕು, ಲ್ಯಾಬಲ್ಲಿದ್ರೆ ಬಳಸಿ, ಹುಡ್ಕೊಂಡು ಹೋಗ್ಬೇಡಿ. ಡಿಟಿಬಿಎ 2012ರಲ್ಲಿ ಬಂದಿದ್ದು, ಆಸ್ಪಾರ್ಟಿಕ್ ಆಮ್ಲದಿಂದ ಮಾಡ್ತಾರೆ, ಪಿಕೆಎ 8.2ಕ್ಕೆ ಇಳಿದಿರೋದ್ರಿಂದ ಪಿಎಚ್ 7ರಲ್ಲಿ ಡಿಟಿಟಿಗಿಂತ ಚುರುಕು. ಗ್ಲೂಟಾಥಯೋನ್ ಬೇಕಾಗೋದು ಬಂಧ ಮುರಿಯೋಕಲ್ಲ, ರೀಫೋಲ್ಡಿಂಗ್‌ನಲ್ಲಿ ತಪ್ಪು ಬಂಧ ಬಿಚ್ಚಿ ಸರಿ ಬಂಧ ಕಟ್ಟೋ ಅವಕಾಶ ಕೊಡೋಕೆ, ಅಲ್ಲಿ ರೆಡ್ಯೂಸ್ಡ್ ಆಕ್ಸಿಡೈಸ್ಡ್ ಎರಡೂ ರೂಪ ಒಟ್ಟಿಗೆ ಹಾಕ್ತಾರೆ.

ಹಾಗಾದ್ರೆ ನಿಮ್ಮ ಕೆಲಸಕ್ಕೆ?

ಬರೀ ಎಸ್‌ಡಿಎಸ್ ಜೆಲ್ (ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬೇರ್ಪಡಿಸೋದು) ಓಡಿಸೋದಾದ್ರೆ ಯೋಚನೆ ಮಾಡೋ ಅಗತ್ಯನೇ ಇಲ್ಲ, ಬಜೆಟ್ ಕಮ್ಮಿ ಇದ್ರೆ ಬೀಟಾ-ಎಂಇ, ಹುಡ್ ಇಲ್ದಿದ್ರೆ ಡಿಟಿಟಿ. ಒಂದೇ ಜೆಲ್‌ನಲ್ಲಿ ರೆಡ್ಯೂಸ್ ಮಾಡಿದ್ದು ಮಾಡದೇ ಇರೋದು ಎರಡೂ ಹಾಕ್ತೀರಾದ್ರೆ ಮಧ್ಯ ಒಂದೆರಡು ಲೇನ್ ಖಾಲಿ ಬಿಡಿ, ಡಿಟಿಟಿ ಪಕ್ಕಕ್ಕೆ ಹರಿದು ಹೋಗಿ ಪಕ್ಕದ ಲೇನ್‌ನ ಬ್ಯಾಂಡ್‌ನ ಅಂಚಿಂದ ತಿನ್ನತ್ತೆ, ಆಮೇಲೆ ಅರ್ಧ ಡೈಮರ್ ಅರ್ಧ ಮಾನೋಮರ್ ಅಂತ ಹೊಸ ಸಂಶೋಧನೆ ಆಗಿಬಿಡತ್ತೆ.

ಪ್ರೋಟೀನ್‌ಗೆ ಸಿಸ್ಟೀನ್‌ಗೆ ಅಂಟೋ ಮಾಲಿಮೈಡ್ ಡೈ ಹಾಕ್ಬೇಕಾ? ಡಿಟಿಟಿ ಬೀಟಾ-ಎಂಇ ಎರಡೂ ಡೈನ ತಾವೇ ನುಂಗ್ತವೆ, ಡಿಸಾಲ್ಟಿಂಗ್ ಕಾಲಮ್ ಹಾಕಿ ಪೂರ್ತಿ ತೆಗೀಲೇಬೇಕು, ತೆಗೆದ ಕೂಡ್ಲೇ ಡೈ ಹಾಕ್ಬೇಕು ಇಲ್ಲಾಂದ್ರೆ ಸಿಸ್ಟೀನ್ ಮತ್ತೆ ಕೈ ಹಿಡ್ಕೊಳ್ತವೆ. ಟಿಸೆಪ್ ಇದ್ರೆ ತೆಗೆಯೋ ಅಗತ್ಯನೇ ಇಲ್ಲ ಅಂತ ಜನ ಹೇಳ್ತಾರೆ, ಅದು ಅರ್ಧ ಸತ್ಯ, ಟಿಸೆಪ್ ಕೂಡ ಮಾಲಿಮೈಡ್ ಜೊತೆ ರಿಯಾಕ್ಟ್ ಆಗತ್ತೆ. ಟಿಸೆಪ್ ಕಮ್ಮಿ ಬಳಸಿ, ಆದ್ರೂ ಅದನ್ನ ತೆಗೆದ ಮೇಲೇ ಡೈ ಹಾಕಿ.

ಮಾಸ್ ಸ್ಪೆಕ್‌ಗೆ ಪ್ರೋಟೀನ್ ಜೀರ್ಣ ಮಾಡೋರು 5–10 ಮಿಲಿಮೋಲಾರ್ ಡಿಟಿಟಿ, 56 ಡಿಗ್ರಿಯಲ್ಲಿ ಅರ್ಧ ಗಂಟೆ, ಆಮೇಲೆ ಕತ್ತಲಲ್ಲಿ ಅದಕ್ಕಿಂತ ಜಾಸ್ತಿ ಅಯೋಡೋಅಸಿಟಮೈಡ್, ಇದನ್ನ ಮುರಿಯೋ ಕಾರಣ ನನಗೆ ಕಂಡಿಲ್ಲ. ಸಾವಿನ ಸಮಸ್ಯೆ ಇಲ್ಲಿ ಬರಲ್ಲ, ಅರ್ಧ ಗಂಟೆ ಕೆಲ್ಸ.

ಕ್ರಿಸ್ಟಲ್ ಬೆಳೆಸೋರಿಗೆ, ಎನ್‌ಎಂಆರ್ ಮಾಡೋರಿಗೆ, ವಾರಗಟ್ಲೆ ಕಾಯೋರಿಗೆ ಟಿಸೆಪ್, ಇಲ್ಲಿ ದುಡ್ಡು ಉಳಿಸೋಕೆ ಹೋಗ್ಬೇಡಿ. ಜಿಂಕ್ ಫಿಂಗರ್ ಥರದ ಲೋಹದ ಪ್ರೋಟೀನ್ ಆದ್ರೂ ಡಿಟಿಟಿಯಿಂದ ದೂರ ಇರಿ, ಎರಡು ಥಯಾಲ್ ಸೇರಿ ಲೋಹನ ಎಳ್ಕೊಳತ್ತೆ. ಔಷಧಿ ಅಣುಗಳ ಸ್ಕ್ರೀನಿಂಗ್ ಮಾಡೋರು ಮಾತ್ರ ಉಲ್ಟಾ ಯೋಚಿಸ್ಬೇಕು: ಡಿಟಿಟಿ, ಟಿಸೆಪ್ ಥರದ ಗಟ್ಟಿ ರೆಡ್ಯೂಸಿಂಗ್ ಏಜೆಂಟ್ ಇದ್ರೆ ಕೆಲವು ಅಣುಗಳು ರೆಡಾಕ್ಸ್ ಚಕ್ರ ತಿರುಗಿಸಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸ್ತವೆ, ಅದು ಎಂಜೈಮ್‌ನ ಕೊಲ್ಲತ್ತೆ, ನಿಮಗೆ ಒಳ್ಳೇ ಹಿಟ್ ಸಿಕ್ತು ಅಂತ ಕಾಣ್ಸತ್ತೆ. ಅಲ್ಲಿ ದುರ್ಬಲ ಬೀಟಾ-ಎಂಇ ಅಥವಾ ಗ್ಲೂಟಾಥಯೋನ್‌ನೇ ವಾಸಿ.

ಜೀವಂತ ಕೋಶಗಳಿಗೆ ಹಾಕೋದು ಬೇರೆ ಲೋಕ. ಕೆಲವು ಕಲ್ಚರ್ ಮೀಡಿಯಾಗೆ 50 ಮೈಕ್ರೋಮೋಲಾರ್ ಬೀಟಾ-ಎಂಇ ಹಾಕ್ತಾರೆ, ಕೋಶ ಖುಷಿಯಾಗಿರತ್ತೆ. ಅದ್ರ ಜಾಗಕ್ಕೆ 2 ಮಿಲಿಮೋಲಾರ್ ಡಿಟಿಟಿ ಹಾಕಿದ್ರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಹೊಸ ಪ್ರೋಟೀನ್ ಮಡಿಚೋಕೆ ಆಗದೆ ಕೋಶ ಗಾಬರಿ ಬೀಳತ್ತೆ, ಆ ಒತ್ತಡ ಬರಿಸೋಕೇ ಅಂತ ಬಳಸೋರೂ ಇದಾರೆ. ರಕ್ತನಿಧಿಯವರದ್ದಂತೂ ಇನ್ನೂ ಮಜಾ, ಡಾರಾಟುಮುಮಾಬ್ ಅನ್ನೋ ಆಂಟಿಬಾಡಿ ಔಷಧಿ ತಗೊಳ್ತಿರೋ ರೋಗಿಗಳ ಕ್ರಾಸ್‌ಮ್ಯಾಚ್‌ನಲ್ಲಿ (ರಕ್ತ ಹೊಂದತ್ತಾ ಅನ್ನೋ ಪರೀಕ್ಷೆ) ಅಡ್ಡ ಬರೋ, ಆ ಔಷಧಿ ಅಂಟೋ ಸಿಡಿ38 ಪ್ರೋಟೀನನ್ನ ಪರೀಕ್ಷೆಯ ಕೆಂಪು ಕಣದ ಮೇಲಿಂದ 0.2 ಮೋಲಾರ್ ಡಿಟಿಟಿಯಲ್ಲಿ ಕೆಡಿಸ್ತಾರೆ, ಅದ್ರ ಜೊತೆ ರಕ್ತದ ಗುಂಪು ಗುರುತಿಸೋ ಕೆಲ್ ಆಂಟಿಜೆನ್ ಕೂಡ ಹಾಳಾಗತ್ತೆ ಅಂತ ಗೊತ್ತಿಟ್ಕೊಂಡು.

ಡಿಟಿಟಿನೇ ಅಂತ ತೀರ್ಮಾನ ಮಾಡಿದ್ರೆ ಸ್ಟಾಕ್ ಹೀಗೆ ಮಾಡಿ: 1.54 ಗ್ರಾಂ, 10 ಮಿಲಿಲೀಟರ್ ತಣ್ಣನೆ ನೀರು ಅಥವಾ ಪಿಎಚ್ 5.2ರ 10 ಮಿಲಿಮೋಲಾರ್ ಸೋಡಿಯಂ ಅಸಿಟೇಟ್, ಅದು 1 ಮೋಲಾರ್. ಫಿಲ್ಟರ್ ಮಾಡಿ, ಆಟೋಕ್ಲೇವ್ ಬೇಡ. 200 ಮೈಕ್ರೋಲೀಟರ್ ಥರ ಸಣ್ಣ ಟ್ಯೂಬ್‌ಗಳಿಗೆ ಹಾಕಿ ಮೈನಸ್ 20ರಲ್ಲಿಡಿ, ಒಂದು ಟ್ಯೂಬ್ ತೆಗೆದ್ರೆ ಮಿಕ್ಕಿದ್ದು ಅವತ್ತೇ ಕಸ, ವಾಪಸ್ ಫ್ರೀಜರ್‌ಗೆ ಇಡೋ ಆಸೆ ಬೇಡ. ಬಫರ್‌ಗೆ ಹಾಕೋದು ಬಳಸೋ ದಿನ ಬೆಳಿಗ್ಗೆ. ಲೈಗೇಸ್‌ನ (ಡಿಎನ್‌ಎ ತುಂಡು ಜೋಡಿಸೋ ಎಂಜೈಮ್) 10 ಪಟ್ಟು ಗಾಢ ಬಫರ್ ಟ್ಯೂಬ್ ಕರಗಿದಾಗ ತಳದಲ್ಲಿ ಬಿಳೀ ಚೂರು ಕಂಡ್ರೆ ಕೆಟ್ಟೋಯ್ತು ಅಂತ ಎಸೀಬೇಡಿ, ಸಾಮಾನ್ಯವಾಗಿ ಅದು ತಣ್ಣಗಾಗಿ ಕೂತ ಡಿಟಿಟಿ, ಅಂಗೈಲಿ ಹಿಡಿದು ಬೆಚ್ಚಗೆ ಮಾಡಿ ವೋರ್ಟೆಕ್ಸ್ ಮಾಡಿದ್ರೆ ಕರಗತ್ತೆ.